ಗಾಜಿನಲ್ಲೊಂದು ಆಕಾಶ: ಹಕ್ಕಿಯ ಹುಟ್ಟುಗುಣ ಎಡವುತ್ತಿರುವುದೆಲ್ಲಿ?

2011ರ ಡಿಸೆಂಬರ್‌ನ ಒಂದು ರಾತ್ರಿ ಅಮೆರಿಕದ ಯೂಟಾ ರಾಜ್ಯದ ಸೀಡರ್ ಸಿಟಿಯಲ್ಲಿ ಆಕಾಶದಿಂದ ಹಕ್ಕಿಗಳು ಬೀಳತೊಡಗಿದವು. ಒಂದೆರಡಲ್ಲ, ಸಾವಿರಾರು. ಪಾರ್ಕಿಂಗ್ ಜಾಗ, ಹೆದ್ದಾರಿ, ಆಟದ ಮೈದಾನ, ಎಲ್ಲಿ ನೋಡಿದರೂ ಅವೇ. ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ರೋಗ ಬಡಿದಿರಲಿಲ್ಲ, ಯಾರೂ ವಿಷ ಹಾಕಿರಲಿಲ್ಲ. ನಿಜ ಹೇಳಬೇಕೆಂದರೆ ಅವು ಬೀಳಲೂ ಇಲ್ಲ, ಇಳಿದವು. ಕೆರೆಗೆ ಇಳಿಯುವ ಹಾಗೆ, ನೀರಿಗೆ ಇಳಿಯುವ ವೇಗದಲ್ಲೇ, ಗಟ್ಟಿ ನೆಲಕ್ಕೆ ಇಳಿದವು.

ಅವು ಗ್ರೀಬ್ ಎಂಬ ನೀರಹಕ್ಕಿಗಳು. ಕೆರೆಯಲ್ಲಿ ಬುಳುಕ್ಕನೆ ಮುಳುಗಿ ಇನ್ನೆಲ್ಲೋ ತಲೆ ಎತ್ತುವ ಗುಳುಮುಳುಕನ ಹತ್ತಿರದ ನೆಂಟರು. ರಾತ್ರಿ ಹೊತ್ತು ದಕ್ಷಿಣಕ್ಕೆ ವಲಸೆ ಹೊರಟಿದ್ದವು. ದಾರಿಯಲ್ಲಿ ಬಿರುಗಾಳಿ ಸಿಕ್ಕಿತು. ತಗ್ಗಿದ ಮೋಡ, ಅದರಲ್ಲಿ ಚದುರಿದ ಊರಿನ ದೀಪದ ಬೆಳಕು, ಕೆಳಗೆ ಹಿಮ ಹೊದ್ದು ಮಿನುಗುವ ಚಪ್ಪಟೆ ಜಾಗಗಳು. ಮೇಲಿನಿಂದ ನೋಡುವ ಹಕ್ಕಿಗೆ ಅದು ನೀರಿನಂತೆ ಕಂಡಿರಬೇಕು ಎಂದು ಅಲ್ಲಿನ ವನ್ಯಜೀವಿ ಇಲಾಖೆಯವರು ಹೇಳಿದರು.

ಬದುಕುಳಿದ ಹಕ್ಕಿಗಳ ಪಾಡು ಇನ್ನೂ ವಿಚಿತ್ರ. ರೆಕ್ಕೆ ಮುರಿಯದಿದ್ದರೂ ಅವಕ್ಕೆ ಮೇಲೇಳಲು ಆಗಲಿಲ್ಲ. ಗ್ರೀಬ್‌ನ ಕಾಲು ದೋಣಿಯ ಮೋಟಾರಿನ ಹಾಗೆ ದೇಹದ ತೀರಾ ಹಿಂದಕ್ಕೆ ಇರುತ್ತದೆ. ನೀರಿನಲ್ಲಿ ಒದ್ದು ಮುಂದೆ ನುಗ್ಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೆಲದ ಮೇಲೆ ಮಾತ್ರ ಅದೇ ಕಾಲು ಭಾರ. ನೆಟ್ಟಗೆ ನಿಲ್ಲುವುದೇ ಕಷ್ಟ. ಹಾರಬೇಕೆಂದರೆ ನೀರಿನ ಮೇಲೆ ಪಟಪಟ ಓಡಿ ವೇಗ ತಗೋಬೇಕು. ಕೊನೆಗೆ ಊರಿನ ಜನ ಸಾವಿರಾರು ಹಕ್ಕಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ನೀರಿರುವ ಕಡೆ ಬಿಟ್ಟುಬಂದರು.

ಈ ಘಟನೆಯಲ್ಲಿ ಎರಡು ಸಂಗತಿ ಒಟ್ಟಿಗೆ ಕಾಣುತ್ತವೆ. ಒಂದು, ಹಕ್ಕಿಯ ಮೈಕಟ್ಟು. ಇನ್ನೊಂದು, ಅದರ ಹುಟ್ಟುಗುಣ, ಅಂದರೆ ಯಾರೂ ಹೇಳಿಕೊಡದೆ ಬಂದ ನಡವಳಿಕೆ. ಎರಡೂ ಒಂದೇ ಜಗತ್ತಿಗೆಂದು ಲಕ್ಷಾಂತರ ವರ್ಷಗಳಲ್ಲಿ ತಯಾರಾದವು. ರಾತ್ರಿ ಕೆಳಗೆ ಚಪ್ಪಟೆಯಾಗಿ ಹೊಳೆಯುವುದು ನೀರು ಮಾತ್ರ ಆಗಿದ್ದ ಜಗತ್ತು ಅದು. ಇವತ್ತು ಹಕ್ಕಿಗಳು ಕಡಿಮೆಯಾಗುತ್ತಿವೆ ಎಂದಾಗಲೆಲ್ಲ ನಾವು ಕಾಡು ಹೋಯಿತು, ವಿಷ ಜಾಸ್ತಿಯಾಯಿತು ಎನ್ನುತ್ತೇವೆ. ಅದು ಸರಿಯೇ. ಅದರ ಜೊತೆಗೇ ಕಡಿಮೆ ಚರ್ಚೆಯಾಗುವ ಕಾರಣ ಇನ್ನೊಂದಿದೆ. ಹಕ್ಕಿ ವಸ್ತುವನ್ನು ನೋಡಿ ನಡೆಯುವುದಿಲ್ಲ, ವಸ್ತುವಿನ ಗುರುತನ್ನು ನೋಡಿ ನಡೆಯುತ್ತದೆ. ನಾವು ಆ ಗುರುತುಗಳನ್ನೇ ಕಲಸಿಬಿಟ್ಟಿದ್ದೇವೆ.

ಕೆಂಪು ಚುಕ್ಕೆ, ಉರುಳುವ ಮೊಟ್ಟೆ

ಗುರುತು ಎಂದರೇನು ಎಂಬುದನ್ನು ಚೆನ್ನಾಗಿ ತೋರಿಸಿಕೊಟ್ಟವನು ಡಚ್ ವಿಜ್ಞಾನಿ ನಿಕೋ ಟಿನ್‌ಬರ್ಗನ್. ಹೆರಿಂಗ್ ಗಲ್ ಎಂಬ ಕಡಲಹಕ್ಕಿಯ ಹಳದಿ ಕೊಕ್ಕಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಇರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಚುಕ್ಕೆಗೆ ಕುಕ್ಕುತ್ತದೆ. ಕುಕ್ಕಿದರೆ ತಾಯಿ ನುಂಗಿದ್ದನ್ನು ಕಕ್ಕಿ ತಿನ್ನಿಸುತ್ತದೆ. ಟಿನ್‌ಬರ್ಗನ್ ರಟ್ಟಿನ ತಲೆಗಳನ್ನು ಮಾಡಿ ಮರಿಗಳ ಮುಂದೆ ಹಿಡಿದ. ಚುಕ್ಕೆ ಇಲ್ಲದ ತಲೆಗೆ ಮರಿಗಳು ಅಷ್ಟಾಗಿ ಕುಕ್ಕಲಿಲ್ಲ. ಆಮೇಲೆ ತಲೆಯೇ ಇಲ್ಲದ, ತುದಿಯಲ್ಲಿ ಬಿಳಿ ಪಟ್ಟೆಗಳಿದ್ದ ತೆಳ್ಳಗಿನ ಕೆಂಪು ಕಡ್ಡಿಯೊಂದನ್ನು ಹಿಡಿದ. ನಿಜವಾದ ತಾಯಿಯ ತಲೆಯಂತೆ ಮಾಡಿದ ಮಾದರಿಗಿಂತ ಆ ಕಡ್ಡಿಗೇ ಜಾಸ್ತಿ ಕುಕ್ಕು ಬಿತ್ತು! ಮರಿಗೆ ತಾಯಿ ಅಂದರೆ ಕೆಂಪು, ತೆಳ್ಳಗೆ, ಅಲ್ಲಾಡುವಂಥದ್ದು. ಅಷ್ಟೇ.

ಅವನ ಗೆಳೆಯ ಕೊನ್ರಾಡ್ ಲೊರೆನ್ಜ್ ಜೊತೆ ಸೇರಿ 1938ರಲ್ಲಿ ಬರೆದ ಕಾಡುಬಾತಿನ ಪ್ರಸಂಗ ಇನ್ನೂ ತಮಾಷೆಯಾಗಿದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಅದು. ಮೊಟ್ಟೆಯೊಂದು ಗೂಡಿನಿಂದ ಆಚೆ ಉರುಳಿದೆ ಎಂದುಕೊಳ್ಳಿ. ಬಾತು ಅದನ್ನೇ ದಿಟ್ಟಿಸುತ್ತದೆ. ನಿಧಾನಕ್ಕೆ ಕತ್ತು ಚಾಚುತ್ತದೆ. ಕೊಕ್ಕಿನ ಅಡಿಭಾಗವನ್ನು ಮೊಟ್ಟೆಯ ಆಚೆ ಬದಿಗೆ ಇಟ್ಟು, ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ಮೊಟ್ಟೆ ಪಕ್ಕಕ್ಕೆ ಜಾರಿದರೆ ಕೊಕ್ಕನ್ನು ಅತ್ತಿತ್ತ ಆಡಿಸಿ ಹದ್ದುಬಸ್ತಿಗೆ ತರುತ್ತದೆ. ಈಗ ಅರ್ಧ ದಾರಿಯಲ್ಲಿ ಯಾರಾದರೂ ಮೊಟ್ಟೆ ತೆಗೆದುಬಿಟ್ಟರೆ? ಬಾತು ನಿಲ್ಲಿಸುವುದಿಲ್ಲ. ಇಲ್ಲದ ಮೊಟ್ಟೆಯನ್ನೇ ಎದೆಯವರೆಗೂ ಎಳೆದುಕೊಂಡು ಬರುತ್ತದೆ. ಅತ್ತಿತ್ತ ಆಡಿಸುವುದು ಮಾತ್ರ ನಿಂತಿರುತ್ತದೆ, ಏಕೆಂದರೆ ಜಾರುವಂಥದ್ದು ಏನೂ ಇಲ್ಲ. ಈ ಕೆಲಸಗಳಿಗೆ 1973ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜೇನುಹುಳುಗಳ ಕುಣಿತ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಕೂಡ ಜೊತೆಗಿದ್ದ.

ಇದನ್ನು ಓದಿ ಹಕ್ಕಿ ದಡ್ಡ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೂಡಿನ ಪಕ್ಕ ಉರುಟಾಗಿ ಬಿದ್ದಿರುವುದು ಮೊಟ್ಟೆಯೇ ಎಂದು ನಂಬಿದ ಬಾತು ಎಷ್ಟು ಸಾವಿರ ತಲೆಮಾರು ಬದುಕಿತು ನೋಡಿ. ಪ್ರತಿಸಲ ಕೂತು ಪರೀಕ್ಷೆ ಮಾಡುವ ಬಾತಿನ ಮೊಟ್ಟೆಯನ್ನು ಅಷ್ಟರಲ್ಲಿ ನರಿ ತಿಂದಿರುತ್ತಿತ್ತು. ಚಿಕ್ಕ ಸೂತ್ರ, ಬೇಗ ನಿರ್ಧಾರ. ಹುಟ್ಟುಗುಣದ ಲಾಭವೇ ಅದು.

ಗುರುತು ತೋರಿಸಿ ಮೋಸ ಮಾಡುವುದು ಮನುಷ್ಯ ಕಂಡುಹಿಡಿದದ್ದೂ ಅಲ್ಲ. ಕುಕೂ ಹಕ್ಕಿ ಅದನ್ನು ಎಂದೋ ಕಲಿತಿದೆ. ಯುರೋಪಿನ ಕುಕೂ, ರೀಡ್ ವಾರ್ಬ್ಲರ್‌ನಂಥ ಪುಟ್ಟ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಕಣ್ಣು ಬಿಡದ, ಒಂದು ಗರಿಯೂ ಇಲ್ಲದ ಕುಕೂ ಮರಿ ಉಳಿದ ಮೊಟ್ಟೆಗಳನ್ನು ಬೆನ್ನ ಮೇಲೇರಿಸಿ ಗೂಡಿನಾಚೆ ತಳ್ಳುತ್ತದೆ. ಆಮೇಲೆ ಒಂದೇ ಮರಿ ಗೂಡು ತುಂಬ ಮರಿಗಳಿದ್ದ ಹಾಗೆ ಬಿಡದೆ ಕೂಗುತ್ತದೆ. ಸಾಕುತಾಯಿ ತನಗಿಂತ ದೊಡ್ಡದಾದ ಆ ಮರಿಗೆ ಹುಳ ತಂದು ತಂದು ಸುಸ್ತಾಗುತ್ತದೆ. ಆದರೆ ಈ ಆಟಕ್ಕೆ ಸಮಯ ಸಿಕ್ಕಿತ್ತು. ಮೋಸ ಹೋದ ಜಾತಿಗಳಲ್ಲಿ ಎಷ್ಟೋ ಈಗ ಬೇರೆ ಬಣ್ಣದ ಮೊಟ್ಟೆಯನ್ನು ಗುರುತಿಸಿ ಎಸೆಯುತ್ತವೆ. ಕುಕೂ ಅದಕ್ಕೆ ತಕ್ಕಂತೆ ಮೊಟ್ಟೆಯ ಬಣ್ಣ ಬದಲಿಸಿಕೊಂಡಿದೆ. ಗಾಜು, ವಿದ್ಯುತ್ ದೀಪ, ಪ್ಲಾಸ್ಟಿಕ್ ಬಂದು ಎಷ್ಟು ದಿನವಾಯಿತು ಹೇಳಿ.

ಕಣ್ಣು ಎಲ್ಲಿದೆ ಎಂಬುದರ ಮೇಲೆ

ಕಿಟಕಿಗೆ ಪಾರಿವಾಳ ಬಡಿದರೆ ಗಾಜಿನ ಮೇಲೆ ಒಮ್ಮೊಮ್ಮೆ ಅದರ ಚಿತ್ರವೇ ಉಳಿಯುತ್ತದೆ. ಪಾರಿವಾಳದ ಕೆಲವು ಗರಿಗಳು ಸವೆದು ಬೂದಿಯಂಥ ನಯವಾದ ಪುಡಿಯಾಗುತ್ತಲೇ ಇರುತ್ತವೆ. ಆ ಪುಡಿ ಗಾಜಿಗೆ ಅಂಟುತ್ತದೆ. ಬೆಳಕಿಗೆ ಓರೆಯಾಗಿ ನಿಂತು ನೋಡಿದರೆ ಬಿಚ್ಚಿದ ರೆಕ್ಕೆ, ಅದರಲ್ಲಿ ಒಂದೊಂದು ಗರಿಯ ಗೆರೆ, ನಡುವೆ ಎದೆ ಒತ್ತಿದ ಉರುಟು ಕಲೆ. ಎಷ್ಟೋ ಸಲ ತಲೆಯ ಗುರುತೂ ಇರುತ್ತದೆ. ಕೊನೆಗಳಿಗೆಯಲ್ಲೂ ಹಕ್ಕಿಗೆ ಅಲ್ಲೊಂದು ಗೋಡೆ ಇದೆ ಅನ್ನಿಸಿಲ್ಲ ಎಂಬುದು ಆ ರೆಕ್ಕೆ ಬಿಚ್ಚಿದ ರೀತಿಯಲ್ಲೇ ಗೊತ್ತಾಗುತ್ತದೆ.

ಹಕ್ಕಿಯ ಕಣ್ಣು ನಮಗಿಂತ ಚುರುಕು ಅನ್ನುತ್ತೇವೆ. ಮತ್ತೆ ಇಷ್ಟು ದೊಡ್ಡ ಗಾಜು ಕಾಣುವುದಿಲ್ಲವೇ? ಮೊದಲನೆಯದಾಗಿ, ಗಾಜು ನಮಗೂ ಕಾಣುವುದಿಲ್ಲ. ಚೌಕಟ್ಟು, ಹಿಡಿಕೆ, ಕಟ್ಟಡದ ಆಕಾರ ನೋಡಿ ಅಲ್ಲಿ ಗಾಜಿದೆ ಎಂದು ಊಹಿಸುತ್ತೇವೆ. ಆ ಊಹೆ ಕಲಿತದ್ದು. ಹಕ್ಕಿಗೆ ಗಾಜಿನಲ್ಲಿ ಮರ ಕಂಡರೆ ಅದು ಮರ, ಮೋಡ ಕಂಡರೆ ಅದು ಆಕಾಶ. ಎರಡನೆಯದು ಕಣ್ಣಿನ ಜಾಗ. ಬೇಟೆಗೆ ಸಿಗುವ ಹಕ್ಕಿಗಳಲ್ಲಿ ಹೆಚ್ಚಿನವುಗಳ ಕಣ್ಣು ತಲೆಯ ಎರಡೂ ಬದಿಯಲ್ಲಿದೆ. ಬಾತುಕೋಳಿಗಂತೂ ತಲೆ ಅಲುಗಿಸದೆಯೇ ಬೆನ್ನ ಹಿಂದಿನದೂ ಕಾಣುತ್ತದೆ. ಈ ಸವಲತ್ತಿಗೆ ಬೆಲೆ ಇದೆ. ಎರಡೂ ಕಣ್ಣು ಸೇರಿ ನೇರ ಮುಂದೆ ನೋಡುವ ಪಟ್ಟಿ ತೀರಾ ಕಿರಿದು. ಅತಿ ಸ್ಪಷ್ಟವಾಗಿ ಕಾಣುವುದು ಪಕ್ಕದಲ್ಲಿ. ಹಾರುವ ಹಕ್ಕಿಯ ಎದುರು ಗಾಳಿಯಲ್ಲಿ ಅಡ್ಡ ಬರುವಂಥದ್ದು ಹಿಂದೆಲ್ಲ ಏನಿತ್ತು? ಏನೂ ಇರಲಿಲ್ಲ, ಅಲ್ವಾ?

ಇದಕ್ಕಿಂತ ಬೆರಗಿನ ಉದಾಹರಣೆ ರಣಹದ್ದು. ಎತ್ತರದಿಂದ ಸತ್ತ ಪ್ರಾಣಿಯನ್ನು ಪತ್ತೆ ಮಾಡುವ ಆ ಹಕ್ಕಿ, ಗಾಳಿಯಂತ್ರದ ರೆಕ್ಕೆಗೆ ಹೋಗಿ ಬಡಿಯುತ್ತದೆ. ಬ್ರಿಟನ್ನಿನ ಗ್ರಹಾಂ ಮಾರ್ಟಿನ್ ಮತ್ತು ಸಂಗಡಿಗರು ಅದರ ಕಣ್ಣಿನ ನೋಟ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು 2012ರಲ್ಲಿ ಪ್ರಕಟಿಸಿದರು. ರಣಹದ್ದಿನ ಹುಬ್ಬಿನ ಮೂಳೆ ಟೋಪಿಯ ಅಂಚಿನ ಹಾಗೆ ಚಾಚಿಕೊಂಡಿದೆ. ನೆತ್ತಿಯ ಬಿಸಿಲು ಕಣ್ಣಿಗೆ ಬೀಳದಿರಲಿ ಎಂದು. ಹೆಣ ಹುಡುಕಲು ತಲೆ ಬಗ್ಗಿಸಿದಾಗ ಅದೇ ಹುಬ್ಬು ಮುಂದಿನ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಂದರೆ ಹಾರುತ್ತಿರುವ ದಿಕ್ಕಿನಲ್ಲೇ ಅದು ಕುರುಡು. ಕೊಕ್ಕರೆ, ಬಸ್ಟರ್ಡ್‌ನಂಥ ದೊಡ್ಡ ಹಕ್ಕಿಗಳಿಗೂ ಹೆಚ್ಚುಕಮ್ಮಿ ಇದೇ ಕತೆ, ಅವು ಸಾಯುವುದು ವಿದ್ಯುತ್ ತಂತಿಗೆ ಬಡಿದು. ನಮ್ಮ ದೇಶದಲ್ಲಿ ಬೆರಳೆಣಿಕೆಯ ಹಾಗೆ ಉಳಿದಿರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ತಂತಿ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, 2021ರಲ್ಲಿ ಕೆಲವು ಪ್ರದೇಶಗಳಲ್ಲಿ ತಂತಿಯನ್ನು ನೆಲದಡಿ ಹಾಕಬೇಕೆಂಬ ಆದೇಶವೂ ಬಂತು, 2024ರಲ್ಲಿ ಅದು ಮರುಪರಿಶೀಲನೆಗೂ ಬಂತು. ಕಣ್ಣಿನ ಗೂಡಿನ ಒಂದು ಮೂಳೆ ವಿದ್ಯುತ್ ನೀತಿಗೆ ಬಂದು ತಾಗುವುದು ಹೀಗೆ.

ಗಾಜಿನ ಲೆಕ್ಕ ದೊಡ್ಡದು. ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ ಸುಮಾರು 100 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಅಂದಾಜು ಹೇಳಿತು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರ ಯಾಕೆ ಅಂದರೆ ಸತ್ತ ಹಕ್ಕಿ ಲೆಕ್ಕಕ್ಕೆ ಸಿಗುವುದು ಕಷ್ಟ. ಬೆಳಗಾಗುವಷ್ಟರಲ್ಲಿ ಬೆಕ್ಕು, ಕಾಗೆ, ಕಸ ಗುಡಿಸುವವರು, ಯಾರಾದರೂ ಎತ್ತಿರುತ್ತಾರೆ.

ಷಿಕಾಗೋ ನಗರ ಇದಕ್ಕೆ ಹೊರತು. ಅಲ್ಲಿನ ಫೀಲ್ಡ್ ಮ್ಯೂಸಿಯಂನವರು 1978ರಿಂದ ಮುಂಜಾನೆ ಕಟ್ಟಡಗಳ ಕೆಳಗೆ ಓಡಾಡಿ ಸತ್ತ ಹಕ್ಕಿಗಳನ್ನು ಆಯ್ದು, ಅಳೆದು ಇಡುತ್ತಾ ಬಂದಿದ್ದಾರೆ. ಬೇಜಾರಿನ ಕೆಲಸ. ಆದರೆ ಅದರಿಂದ ಹೊರಬಂದದ್ದು ಯಾರೂ ಎಣಿಸಿರದ ಸಂಗತಿ. 2016ರವರೆಗಿನ 70,716 ಹಕ್ಕಿಗಳ, 52 ಜಾತಿಗಳ ಅಳತೆ ಹಿಡಿದು ನೋಡಿದರೆ, ಕಾಲಿನ ಕೆಳಮೂಳೆ ಸರಾಸರಿ 2.4 ಶೇಕಡಾ ಗಿಡ್ಡವಾಗಿತ್ತು. ರೆಕ್ಕೆ 1.3 ಶೇಕಡಾ ಉದ್ದವಾಗಿತ್ತು. ಹಕ್ಕಿಗಳು ಚಿಕ್ಕದಾಗುತ್ತಿವೆ. ಬಿಸಿ ಹೆಚ್ಚಾದಾಗ ಚಿಕ್ಕ ಮೈ ಬೇಗ ತಣಿಯುತ್ತದೆ. ಮೈ ಚಿಕ್ಕದಾದರೂ ವಲಸೆಯ ದೂರ ಅಷ್ಟೇ ಇರುವುದರಿಂದ ರೆಕ್ಕೆ ಉದ್ದವಾಗಿ ಅದನ್ನು ಸರಿದೂಗಿಸುತ್ತಿರಬಹುದು ಎಂಬುದು ಸಂಶೋಧಕರ ವಿವರಣೆ. ಹಕ್ಕಿಯ ಮೈಯೇ ಬದಲಾಗುತ್ತಿದೆ ಎಂಬ ಸುದ್ದಿ ನಮಗೆ ತಲುಪಿದ್ದು ಗಾಜಿಗೆ ಬಡಿದು ಸತ್ತ ಹಕ್ಕಿಗಳಿಂದ.

ರಾತ್ರಿ ದಾರಿ

ಗಾಜಿನ ಜೊತೆ ದೀಪ ಸೇರಿದರೆ ಪರಿಸ್ಥಿತಿ ಕೈಮೀರುತ್ತದೆ. ಸಣ್ಣ ಹಾಡುಹಕ್ಕಿಗಳಲ್ಲಿ ಬಹುಪಾಲು ವಲಸೆ ಹೋಗುವುದು ರಾತ್ರಿ. ಗಾಳಿ ಶಾಂತ, ಮೈ ಬಿಸಿಯೇರುವುದಿಲ್ಲ, ಡೇಗೆಯ ಕಾಟವಿಲ್ಲ. ದಾರಿ ಹಿಡಿಯಲು ಅವಕ್ಕೆ ನಕ್ಷತ್ರವೂ ಬೇಕು, ಭೂಮಿಯ ಕಾಂತಶಕ್ತಿಯೂ ಬೇಕು. ಸ್ಟೀಫನ್ ಎಮ್ಲೆನ್ ಎಂಬ ಅಮೆರಿಕದ ವಿಜ್ಞಾನಿ ಬಂಟಿಂಗ್ ಹಕ್ಕಿಯ ಮರಿಗಳನ್ನು ತಾರಾಲಯದೊಳಗೆ ಬೆಳೆಸಿ, ನಕಲಿ ಆಕಾಶವನ್ನು ಧ್ರುವನಕ್ಷತ್ರ ಬಿಟ್ಟು ಬೇರೊಂದು ನಕ್ಷತ್ರದ ಸುತ್ತ ತಿರುಗಿಸಿದ. ವಲಸೆಯ ಕಾಲ ಬಂದಾಗ ಆ ಮರಿಗಳು ಅದೇ ನಕ್ಷತ್ರವನ್ನು ಉತ್ತರ ಎಂದುಕೊಂಡವು. ಅಂದರೆ ನಕ್ಷತ್ರಗಳ ನಕ್ಷೆ ಹುಟ್ಟಿನಿಂದ ಬಂದಿಲ್ಲ. "ಯಾವುದು ತಿರುಗುವುದಿಲ್ಲವೋ ಅದನ್ನು ನೋಡಿಟ್ಟುಕೋ" ಎಂಬ ಒಂದು ಸಾಲಿನ ಸೂಚನೆ ಮಾತ್ರ ಹುಟ್ಟಿನಿಂದ ಬಂದಿದೆ.

ಇಂಥ ಹಕ್ಕಿಗೆ ದೀಪ ಏನು ಮಾಡುತ್ತದೆ? ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರ್ 11ರ ರಾತ್ರಿ, ಉರುಳಿದ ಜೋಡಿ ಗೋಪುರಗಳ ನೆನಪಿಗೆ ಎರಡು ಬೆಳಕಿನ ಕಂಬಗಳನ್ನು ಆಕಾಶಕ್ಕೆ ಬಿಡುತ್ತಾರೆ. ಅದು ವಲಸೆಯ ಹಂಗಾಮೂ ಹೌದು. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳ ಮೇಲೆ ಆ ಬೆಳಕಿನ ಪ್ರಭಾವ ಬಿತ್ತು ಎಂದು 2017ರ ಅಧ್ಯಯನ ಲೆಕ್ಕ ಹಾಕಿತು. ಹಕ್ಕಿಗಳು ಬೆಳಕಿನೊಳಗೆ ಸುತ್ತುತ್ತಲೇ ಇರುತ್ತವೆ, ಜೋರಾಗಿ ಕೂಗುತ್ತವೆ, ದಣಿಯುತ್ತವೆ. ದೀಪ ಆರಿಸಿದರೆ ಕೆಲವೇ ನಿಮಿಷದಲ್ಲಿ ಚದುರಿ ತಮ್ಮ ದಾರಿ ಹಿಡಿಯುತ್ತವೆ. ಇಷ್ಟು ಬೇಗ ಗುಣವಾಗುವ ಪರಿಸರ ಸಮಸ್ಯೆ ಇನ್ನೊಂದು ನನಗಂತೂ ನೆನಪಾಗುತ್ತಿಲ್ಲ.

ಕಾಂತಶಕ್ತಿಯ ವಿಚಾರಕ್ಕೆ ಬಂದರೆ ಒಂದು ಗಾಳಿಸುದ್ದಿ ಬಿಡಿಸಬೇಕು. ಮೊಬೈಲ್ ಟವರ್‌ನಿಂದ ಗುಬ್ಬಚ್ಚಿ ಸತ್ತವು ಎಂದು ವಾಟ್ಸಾಪ್‌ನಲ್ಲಿ ಓದದವರು ಯಾರು? ಜರ್ಮನಿಯ ಓಲ್ಡೆನ್‌ಬರ್ಗ್‌ನ ವಿಜ್ಞಾನಿಗಳು 2014ರಲ್ಲಿ ತೋರಿಸಿದ್ದು ಬೇರೆ. ಊರಿನೊಳಗಿನ ಮರದ ಗುಡಿಸಲಿನಲ್ಲಿಟ್ಟ ರಾಬಿನ್ ಹಕ್ಕಿಗಳಿಗೆ ದಿಕ್ಕು ಸಿಗುತ್ತಿರಲಿಲ್ಲ. ಗುಡಿಸಲಿಗೆ ಅಲ್ಯೂಮಿನಿಯಂ ಹೊದಿಸಿ ನೆಲಕ್ಕೆ ತಂತಿ ಕೊಟ್ಟ ಕೂಡಲೇ ಸಿಕ್ಕಿತು. ಹಾಳು ಮಾಡುತ್ತಿದ್ದದ್ದು ಎಎಂ ರೇಡಿಯೊ ಪಟ್ಟಿಯ ಆಸುಪಾಸಿನ, ಬಗೆಬಗೆಯ ವಿದ್ಯುತ್ ಉಪಕರಣಗಳಿಂದ ಹೊಮ್ಮುವ ಗದ್ದಲ. ಮೊಬೈಲ್ ತರಂಗದ ಫ್ರೀಕ್ವೆನ್ಸಿ ಅದಕ್ಕಿಂತ ತುಂಬಾ ಮೇಲಿನದು. ಜೊತೆಗೆ ಮನೆಗುಬ್ಬಚ್ಚಿ ವಲಸೆ ಹೋಗುವ ಹಕ್ಕಿಯೇ ಅಲ್ಲ. ಅದಕ್ಕೆ ಬೇಕಾದದ್ದು ಗೋಡೆಯಲ್ಲೊಂದು ಸಂದು, ಮರಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳ. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಮರಿ ಬದುಕುವುದಿಲ್ಲ. ನುಣ್ಣಗಿನ ಗೋಡೆ, ಹುಳವಿಲ್ಲದ ತೋಟ ನಮ್ಮದೇ ಆಯ್ಕೆ. ಟವರಿನ ಮೇಲೆ ತಪ್ಪು ಹೊರಿಸುವುದು ಸುಲಭ ಅಷ್ಟೇ.

ತಪ್ಪಿದ ಪಂಚಾಂಗ

ಬಡಿದು ಸಾಯುವುದು ಕಣ್ಣಿಗೆ ಕಾಣುತ್ತದೆ. ಕಾಣದ ಹಾಗೆ ನಡೆಯುವುದು ಕಾಲದ ಗೊಂದಲ. ಪೈಡ್ ಫ್ಲೈಕ್ಯಾಚರ್ ಎಂಬ ಅಂಗೈಯಗಲದ ಹಕ್ಕಿ ಚಳಿಗಾಲವನ್ನು ಪಶ್ಚಿಮ ಆಫ್ರಿಕದಲ್ಲಿ ಕಳೆದು, ವಸಂತಕ್ಕೆ ನೆದರ್‌ಲ್ಯಾಂಡ್ಸ್‌ಗೆ ಬಂದು ಮರಿ ಮಾಡುತ್ತದೆ. ಯಾವಾಗ ಹೊರಡಬೇಕು ಎಂದು ಅದಕ್ಕೆ ಹೇಳುವುದು ಹಗಲಿನ ಉದ್ದ ಮತ್ತು ಮೈಯೊಳಗಿನ ಗಡಿಯಾರ. ಸಾವಿರಾರು ಕಿಲೋಮೀಟರ್ ದೂರದ ಕಾಡಿನಲ್ಲಿ ಈ ವರ್ಷ ಚಿಗುರು ಬೇಗ ಬಂತೇ ಎಂದು ತಿಳಿಯಲು ಅದಕ್ಕೆ ಯಾವ ದಾರಿಯೂ ಇಲ್ಲ. ಭೂಮಿ ಬಿಸಿಯಾದ ಹಾಗೆ ಅಲ್ಲಿ ಓಕ್ ಮರ ಬೇಗ ಚಿಗುರಿತು, ಚಿಗುರು ತಿನ್ನುವ ಹುಳ ಬೇಗ ಬಂತು, ಬೇಗ ಮುಗಿಯಿತು. ಹಕ್ಕಿ ಬಂದು ಮರಿ ಮಾಡುವಷ್ಟರಲ್ಲಿ ಊಟದ ಪಂಕ್ತಿ ಎದ್ದಾಗಿರುತ್ತದೆ. ಹುಳದ ಹಂಗಾಮು ತೀರಾ ಬೇಗ ಮುಗಿಯುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಈ ಹಕ್ಕಿ ಸುಮಾರು 90 ಶೇಕಡಾ ಕುಸಿಯಿತು ಎಂದು 2006ರಲ್ಲಿ ವರದಿಯಾಯಿತು.

ಪಕ್ಕದಲ್ಲೇ ಗ್ರೇಟ್ ಟಿಟ್ ಇದೆ. ಅದೇ ಹುಳ ತಿನ್ನುವ, ವಲಸೆ ಹೋಗದ ಹಕ್ಕಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಇದರ ಗೂಡುಗಳ ದಾಖಲೆ ದಶಕಗಳಿಂದ ಇದೆ. ಅಲ್ಲಿ ಸುಮಾರು ಐದು ದಶಕಗಳಲ್ಲಿ ಅದು ಮೊಟ್ಟೆಯಿಡುವ ದಿನ ಹತ್ತಿರಹತ್ತಿರ ಎರಡು ವಾರ ಮುಂಚೆಯೇ ಬರುವಂತಾಗಿದೆ, ಹುಳದ ಜೊತೆಜೊತೆಗೇ. ಅದು ಜಾಣ, ಫ್ಲೈಕ್ಯಾಚರ್ ಪೆದ್ದು ಎಂದಲ್ಲ. ಟಿಟ್ ಓದುವ ಗುರುತು ಅದೇ ಕಾಡಿನ ಬಿಸಿ. ಫ್ಲೈಕ್ಯಾಚರ್ ಓದುವ ಗುರುತು ಬೇರೆ ಖಂಡದ ಹಗಲು. ಮೊದಲನೆಯ ಗುರುತು ವಸ್ತುವಿನ ಜೊತೆ ಅಂಟಿಕೊಂಡೇ ಇದೆ. ಎರಡನೆಯದು ಬಿಟ್ಟುಹೋಗಿದೆ. ಯಾವ ಹಕ್ಕಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಕೇಳುವವರು ಮೊದಲು ಕೇಳಬೇಕಾದ್ದು ಇದನ್ನೇ ಎಂದು ನನಗನ್ನಿಸುತ್ತದೆ.

ರೆಡ್ ನಾಟ್ ಎಂಬ ಕಡಲತೀರದ ಹಕ್ಕಿಯಲ್ಲಿ ಈ ಗೊಂದಲ ಮೈಗೇ ಬಂದು ಕೂತಿದೆ. ಆರ್ಕ್‌ಟಿಕ್‌ನಲ್ಲಿ ಹಿಮ ಬೇಗ ಕರಗಿದ ವರ್ಷ ಮರಿಗಳಿಗೆ ಹುಳ ಸಾಲದೆ ಮೈ ಚಿಕ್ಕದಾಗುತ್ತದೆ, ಕೊಕ್ಕೂ ಗಿಡ್ಡ. ಅಲ್ಲಿ ಅದರಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಕಾಣುವುದು ಆಫ್ರಿಕದ ಮೌರಿಟೇನಿಯದ ಕೆಸರು ದಂಡೆಯಲ್ಲಿ. ಅಲ್ಲಿನ ಚಿಪ್ಪುಹುಳ ಕೆಸರಿನ ಆಳದಲ್ಲಿರುತ್ತದೆ. ಗಿಡ್ಡ ಕೊಕ್ಕು ಮುಟ್ಟುವುದಿಲ್ಲ. ಹಕ್ಕಿ ಕಡಲಹುಲ್ಲಿನ ಬೇರು ತಿಂದು ಹೊಟ್ಟೆ ಹೊರೆಯುತ್ತದೆ, ಇಂಥವುಗಳಲ್ಲಿ ಬದುಕುಳಿಯುವವು ಕಡಿಮೆ. ಒಂದು ಕಡೆಯ ಬಿಸಿ, ಇನ್ನೊಂದು ಕಡೆಯ ಸಾವು. ನಡುವೆ ಕೊಕ್ಕಿನ ಕೆಲವು ಮಿಲಿಮೀಟರ್.

ಬದಲಾಗುವವು, ಆಗಲಾರದವು

ಹಾಗಾದರೆ ಹಕ್ಕಿಗಳು ಬದಲಾಗುವುದೇ ಇಲ್ಲವೇ? ಆಗುತ್ತವೆ, ಕೆಲವಂತೂ ನಮ್ಮ ಕಣ್ಣೆದುರಿಗೇ. ಅಮೆರಿಕದ ನೆಬ್ರಾಸ್ಕದಲ್ಲಿ ಕ್ಲಿಫ್ ಸ್ವಾಲೋ ಎಂಬ ಕವಲುತೋಕೆಯ ನೆಂಟ ಹೆದ್ದಾರಿ ಸೇತುವೆಗಳಡಿ ಗೂಡು ಕಟ್ಟುತ್ತದೆ. ಅಲ್ಲಿ 30 ವರ್ಷ ಸತ್ತ ಹಕ್ಕಿ ಆಯ್ದ ಸಂಶೋಧಕ ದಂಪತಿ 2013ರಲ್ಲಿ ಹೇಳಿದ್ದು ಇಷ್ಟು: ಗಾಡಿಗಳಿಗೆ ಸಿಕ್ಕಿ ಸಾಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದೆ, ಬದುಕಿರುವ ಹಕ್ಕಿಗಳ ರೆಕ್ಕೆ ಗಿಡ್ಡವಾಗಿದೆ, ಸತ್ತವುಗಳ ರೆಕ್ಕೆ ಉದ್ದವಾಗಿದೆ. ಗಿಡ್ಡ ರೆಕ್ಕೆಯ ಹಕ್ಕಿ ನೆಲದಿಂದ ಸಟ್ಟನೆ ಮೇಲೇಳುತ್ತದೆ, ಗಾಡಿಯೆದುರು ಥಟ್ಟನೆ ಹೊರಳುತ್ತದೆ. ಲಾರಿ ಚಕ್ರ ರೆಕ್ಕೆಯನ್ನು ತಿದ್ದಿದೆ ಎನ್ನಬಹುದು, ಆದರೆ ತಿದ್ದಿದ್ದು ಉದ್ದ ರೆಕ್ಕೆಯವನ್ನು ಕೊಂದು.

ಇಂಥ ತಿದ್ದುಪಡಿಗೆ ಸಂಖ್ಯೆ ಬೇಕು, ಬೇಗಬೇಗ ತಲೆಮಾರು ಉರುಳಬೇಕು. ಆಲ್ಬಟ್ರಾಸ್‌ಗೆ ಎರಡೂ ಇಲ್ಲ. ಪೆಸಿಫಿಕ್‌ನ ಮಿಡ್‌ವೇ ದ್ವೀಪದಲ್ಲಿ ವಿಸ್ಡಮ್ ಎಂಬ ಹೆಸರಿನ ಒಂದು ಹೆಣ್ಣು ಆಲ್ಬಟ್ರಾಸ್ ಇದೆ. ಅದರ ಕಾಲಿಗೆ ಮೊದಲ ಬಳೆ ತೊಡಿಸಿದ್ದು 1956ರಲ್ಲಿ, ಆಗಲೇ ಅದು ಮರಿ ಮಾಡುವ ವಯಸ್ಸಿಗೆ ಬಂದಿತ್ತು. 2024ರಲ್ಲೂ ಅದು ಮೊಟ್ಟೆಯಿಟ್ಟಿತು. ಈ ಹಕ್ಕಿಗಳು ಒಂದು ಹಂಗಾಮಿಗೆ ಇಡುವುದು ಒಂದೇ ಮೊಟ್ಟೆ. ನೀರಿನ ಮೇಲೆ ತೇಲುವುದನ್ನು ಕೊಕ್ಕಿನಿಂದ ಎತ್ತಿಕೊಳ್ಳುವುದು ಅವುಗಳ ಊಟದ ರೀತಿ. ಹಾರುಮೀನು ತನ್ನ ಮೊಟ್ಟೆಗಳನ್ನು ತೇಲುವ ಕಡ್ಡಿಕಸಕ್ಕೆ ಅಂಟಿಸುತ್ತದೆ, ಹಾಗಾಗಿ ತೇಲುವ ವಸ್ತು ಎಂದರೆ ಆಲ್ಬಟ್ರಾಸ್‌ಗೆ ಅನ್ನ. ಇನ್ನು ಅದರ ಬಳಗದ ಪೆಟ್ರೆಲ್ ಹಕ್ಕಿಗಳು ಮೂಗನ್ನೇ ನಂಬಿ ಹಾರುತ್ತವೆ. ಪಾಚಿಯನ್ನು ಸಣ್ಣ ಜೀವಿಗಳು ಮೇಯುವಾಗ ಸಮುದ್ರದಿಂದ ಗಂಧಕದ ಒಂದು ವಾಸನೆ ಏಳುತ್ತದೆ. ಕೆಲವೇ ವಾರ ನೀರಲ್ಲಿ ನೆನೆದ ಪ್ಲಾಸ್ಟಿಕ್‌ಗೂ ಪಾಚಿ ಹಿಡಿದು ಅದೇ ವಾಸನೆ ಬರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಆ ವಾಸನೆ ಹಿಡಿದು ಹೋಗುವ ಜಾತಿಗಳೇ ಪ್ಲಾಸ್ಟಿಕ್ ನುಂಗುವುದರಲ್ಲಿ ಮುಂದೆ.

ವಿಸ್ಡಮ್ ಮೊದಲು ಹಾರಿದಾಗ ಕಡಲಲ್ಲಿ ತೇಲುತ್ತಿದ್ದದ್ದು ಕಟ್ಟಿಗೆ, ಜ್ವಾಲಾಮುಖಿಯ ಹಗುರ ನೊರೆಗಲ್ಲು, ಪಾಚಿ. ಈಗ ಅದೇ ದ್ವೀಪದ ಮರಿಗಳ ಹೊಟ್ಟೆಯಲ್ಲಿ ಬಾಟಲಿ ಮುಚ್ಚಳ, ಲೈಟರ್ ಸಿಗುತ್ತವೆ. ಒಂದೇ ಹಕ್ಕಿಯ ಆಯುಸ್ಸಿನೊಳಗೆ ಸಮುದ್ರ ಬದಲಾಯಿತು. ಒಂದು ತಲೆಮಾರೂ ಮುಗಿಯದೆ ಹುಟ್ಟುಗುಣ ತಿದ್ದಿಕೊಳ್ಳುವುದು ಹೇಗೆ?

ಕಲಿತು ಬದುಕುವ ಹಕ್ಕಿಗಳ ಪಾಡು ಮೇಲು ಎಂದೂ ಹೇಳುವಂತಿಲ್ಲ. ಆಸ್ಟ್ರೇಲಿಯದ ರೀಜೆಂಟ್ ಹನಿಈಟರ್ ಕೆಲವು ನೂರಕ್ಕೆ ಇಳಿದಿದೆ. ಅದರ ಗಂಡು ಮರಿಗಳು ಹಾಡು ಕಲಿಯಬೇಕಾದ್ದು ದೊಡ್ಡ ಗಂಡುಗಳಿಂದ. ಈಗ ಸುತ್ತಮುತ್ತ ದೊಡ್ಡವರೇ ಇಲ್ಲ. ಹಾಗಾಗಿ ಕೆಲವು ಗಂಡುಗಳು ಬೇರೆ ಜಾತಿಯ ಹಕ್ಕಿಯ ಹಾಡನ್ನು ಕಲಿತು ಅದನ್ನೇ ಹಾಡುತ್ತಿವೆ ಎಂದು 2021ರಲ್ಲಿ ವರದಿಯಾಯಿತು. ಆ ಹಾಡಿಗೆ ಹೆಣ್ಣು ಒಲಿಯುವುದು ಕಷ್ಟ. ಅಮೆರಿಕದ ವೂಪಿಂಗ್ ಕ್ರೇನ್ ಕೊಕ್ಕರೆಗಳಿಗೆ ವಲಸೆಯ ದಾರಿ ಹೇಳಿಕೊಡುವ ಹಿರಿಯರಿಲ್ಲವೆಂದು 2001ರಿಂದ ಹಲವು ವರ್ಷ ಪುಟ್ಟ ವಿಮಾನದಲ್ಲಿ ಮನುಷ್ಯರೇ ಮುಂದೆ ಹಾರಿ ದಾರಿ ತೋರಿಸಿದರು. ಮರಿಗಳು ಮನುಷ್ಯರನ್ನೇ ತಾಯಿ ಎಂದುಕೊಳ್ಳದಿರಲಿ ಎಂದು ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ಕೊಕ್ಕರೆಯ ತಲೆಯ ಬೊಂಬೆ ಹಿಡಿದು ಊಟ ಹಾಕುತ್ತಿದ್ದರು. ಟಿನ್‌ಬರ್ಗನ್‌ನ ರಟ್ಟಿನ ತಲೆ ಹೀಗೂ ಉಪಯೋಗಕ್ಕೆ ಬಂತು ನೋಡಿ.

ಹಕ್ಕಿಯನ್ನು ತಿದ್ದುವುದಕ್ಕಿಂತ ಗುರುತನ್ನು ತಿದ್ದುವುದು ಸುಲಭ. ನಾರ್ವೆಯ ಸ್ಮೋಲ ದ್ವೀಪದಲ್ಲಿ ಗಾಳಿಯಂತ್ರದ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು. ತಿರುಗುವಾಗ ಮಸುಕಾಗಿ ಮಾಯವಾಗುತ್ತಿದ್ದ ರೆಕ್ಕೆ ಈಗ ಹಕ್ಕಿಯ ಕಣ್ಣಿಗೆ ಬಿತ್ತು. ಸಾವು 70 ಶೇಕಡಾಕ್ಕೂ ಹೆಚ್ಚು ಇಳಿಯಿತು ಎಂದು 2020ರಲ್ಲಿ ಪ್ರಕಟವಾಯಿತು. ಬಣ್ಣ ಬಳಿದದ್ದು ನಾಲ್ಕೇ ಯಂತ್ರಗಳಿಗೆ, ಆದ್ದರಿಂದ ಎಲ್ಲ ಕಡೆ ಇಷ್ಟೇ ಫಲ ಬರುತ್ತದೆ ಎನ್ನಲು ಇನ್ನೂ ಪರೀಕ್ಷೆ ಬೇಕು.

ಷಿಕಾಗೋದಲ್ಲಿ 2023ರ ಅಕ್ಟೋಬರ್ 5ರ ಬೆಳಗ್ಗೆ, ಸರೋವರದ ದಡದ ಒಂದೇ ಸಭಾಂಗಣದ ಕೆಳಗೆ ಸಾವಿರದ ಹತ್ತಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಮರುವರ್ಷ ಆ ಕಟ್ಟಡದ ಗಾಜಿಗೆ ಸಣ್ಣ ಚುಕ್ಕೆಗಳಿರುವ ಹಾಳೆ ಅಂಟಿಸಿದರು. ಆ ಶರತ್ಕಾಲದಲ್ಲಿ ಸಾವು ಸುಮಾರು 95 ಶೇಕಡಾ ಕಡಿಮೆಯಾಯಿತು. ಗಾಜಿನ ನಡುವೆ ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿ ಕೂರುವವರಿಗೆ ಇದು ಗೊತ್ತಿರಲಿ. ಸ್ಟಿಕ್ಕರ್ ನೋಡಿ ಹಕ್ಕಿ ಹೆದರುವುದಿಲ್ಲ, ಅದರ ಪಕ್ಕದ ಖಾಲಿ ಆಕಾಶಕ್ಕೆ ನುಗ್ಗುತ್ತದೆ. ಕೆಲಸ ಮಾಡುವುದು ಹತ್ತಿರಹತ್ತಿರ ಇಟ್ಟ ಚುಕ್ಕೆಗಳು. ನಡುವೆ 5 ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಬಿಡಬಾರದು. ಅಂಟಿಸುವುದು ಹೊರಬದಿಗೆ, ಒಳಗೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅದನ್ನು ಮುಚ್ಚಿಬಿಡುತ್ತದೆ. ಎಲ್ಲ ಕಿಟಕಿಗೂ ಬೇಕಿಲ್ಲ. ಯಾವುದಕ್ಕೆ ಬೇಕು ಎಂದು ತಿಳಿಯಲು ಬೆಳಗಿನ ಹೊತ್ತು ಮನೆಯ ಆಚೆ ಬಂದು, ಹಕ್ಕಿ ಹಾರಿಬರುವ ಕಡೆಯಿಂದ ನಿಮ್ಮ ಕಿಟಕಿಯನ್ನು ನೋಡಿ. ಅಲ್ಲಿ ಗಾಜು ಕಾಣುತ್ತದೋ, ಮರ ಕಾಣುತ್ತದೋ ಅಂತ.